ರಾಜೀನಾಮೆ ಪತ್ರ ಕೊನೆಗಿರಲಿ: ನೌಕರಿ ಬಿಟ್ಟು ಸ್ವಂತ ದುಡಿಮೆಗೆ ಇಳಿಯುವವರಿಗೆ

"ಕೆಲಸ ಬಿಟ್ಟುಬಿಡ್ಲಾ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಹೆಚ್ಚಾಗಿ ಭಾನುವಾರ ರಾತ್ರಿ, ಸೋಮವಾರದ ಮೀಟಿಂಗ್ ಕಣ್ಣೆದುರು ಕುಣಿಯುವ ಹೊತ್ತಿಗೆ. ಬಿಡಿ ಅಂತಲೋ ಬಿಡಬೇಡಿ ಅಂತಲೋ ನಾನು ಹೇಳಲಾರೆ. ನಿಮ್ಮ ಮನೆಯ ಲೆಕ್ಕ ನನಗೆ ಗೊತ್ತಿಲ್ಲ. ಬಿಡುವುದೇ ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಮಾತ್ರ ಹೇಳಬಲ್ಲೆ. ಯಾಕೆಂದರೆ ಜನ ಎಡವುವುದು ಅಲ್ಲೇ. ಮೊದಲು ರಾಜೀನಾಮೆ, ಆಮೇಲೆ ಒಂದು ತಿಂಗಳು ಆರಾಮ, ಆಮೇಲೆ ಲೋಗೋ, ವಿಸಿಟಿಂಗ್ ಕಾರ್ಡು, ಎಲ್ಲ ಮುಗಿದ ಮೇಲೆ ಗ್ರಾಹಕರ ಹುಡುಕಾಟ. ಅಷ್ಟೊತ್ತಿಗೆ ಬ್ಯಾಂಕಿನಲ್ಲಿದ್ದ ದುಡ್ಡು ಅರ್ಧಕ್ಕೆ ಇಳಿದಿರುತ್ತದೆ.

ಇದು ಒಬ್ಬರೇ ನಿಂತು ದುಡಿಯಬೇಕು ಅಂದುಕೊಂಡಿರುವವರಿಗಾಗಿ ಬರೆದದ್ದು. ಡಿಸೈನ್, ಕೋಡಿಂಗ್, ಬರವಣಿಗೆ, ಲೆಕ್ಕಪತ್ರ, ತರಬೇತಿ, ಸಲಹೆ, ಇಂಥ ಕೆಲಸಗಳು. ಹೂಡಿಕೆದಾರರ ದುಡ್ಡು ತಂದು ದೊಡ್ಡ ಕಂಪನಿ ಕಟ್ಟುವವರ ದಾರಿ ಬೇರೆ. ಇಲ್ಲಿ ಹೇಳುವ ಹಂತಗಳಿಗೆ ಒಟ್ಟು 9ರಿಂದ 18 ತಿಂಗಳು ಹಿಡಿಯಬಹುದು. ಜಾಸ್ತಿ ಅನ್ನಿಸಿತಾ? ರಾಜೀನಾಮೆ ಕೊಡುವವರೆಗಿನ ತಿಂಗಳುಗಳಲ್ಲಿ ಸಂಬಳ ಬರುತ್ತಿರುತ್ತದೆ ಅನ್ನುವುದು ನೆನಪಿರಲಿ.

ಹಂತ 1: ಬೇಡವಾಗಿರುವುದು ಏನು ಅಂತ ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಾಲ್ಕು ವಾರ, ದಿನಕ್ಕೆ ಎರಡೇ ಸಾಲು. ಇವತ್ತು ಯಾವುದು ಸುಸ್ತು ಮಾಡಿತು, ಯಾವುದರಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ನಾಲ್ಕು ವಾರ ಆದ ಮೇಲೆ ಸುಸ್ತಿನ ಸಾಲುಗಳನ್ನು ವಿಂಗಡಿಸಿ. ಕೆಲವು ನಿಮ್ಮ ಮ್ಯಾನೇಜರ್‌ಗೆ ಸಂಬಂಧಿಸಿದ್ದು, ಕೆಲವು ಆ ಕಂಪನಿಯದ್ದು, ಕೆಲವು ಆ ವೃತ್ತಿಯದ್ದೇ. ಇನ್ನು ಕೆಲವು, ಇನ್ನೊಬ್ಬರ ಕೈಕೆಳಗೆ ದುಡಿಯುವುದೇ ಆಗದು ಅನ್ನುವಂಥವು. ಸ್ವಂತ ದುಡಿಮೆ ಔಷಧ ಆಗುವುದು ಈ ಕೊನೆಯದಕ್ಕೆ ಮಾತ್ರ. ಮ್ಯಾನೇಜರ್ ಸರಿ ಇಲ್ಲ ಅಂದರೆ ಟೀಮ್ ಬದಲಾಯಿಸುವುದು ಎಷ್ಟೋ ಅಗ್ಗ. ವೃತ್ತಿಯೇ ಬೇಸರ ಆಗಿದ್ದರೆ, ಅದೇ ಕೆಲಸವನ್ನು ಸಂಬಳವಿಲ್ಲದೆ ಮುಂದುವರಿಸಿ ಏನು ಪ್ರಯೋಜನ?

ಇಲ್ಲೊಂದು ಎಚ್ಚರಿಕೆ. ದಣಿವಿನಲ್ಲಿ ತೀರ್ಮಾನ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನುವುದನ್ನು ಕೆಲಸದ ಜಾಗಕ್ಕೆ ಸಂಬಂಧಿಸಿದ ಸ್ಥಿತಿ ಅಂತ ವಿವರಿಸಿತು. ಅದನ್ನು ಕಾಯಿಲೆ ಅಂತ ಕರೆಯಲಿಲ್ಲ. ಅದು ಹೇಳುವ ಲಕ್ಷಣಗಳು ಮೂರು: ಶಕ್ತಿಯೆಲ್ಲ ಬಸಿದುಹೋದಂತಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಎಲ್ಲದರ ಮೇಲೂ ತಾತ್ಸಾರ ಬರುವುದು, ಮೊದಲಿನಷ್ಟು ಚೆನ್ನಾಗಿ ಕೆಲಸ ಮಾಡಲಾಗದಿರುವುದು. ಈ ಮೂರೂ ನಿಮಗಿದ್ದರೆ ಮೊದಲು ರಜೆ ಹಾಕಿ, ಬೇಕಾದರೆ ವೈದ್ಯರನ್ನು ನೋಡಿ. ರಜೆ ಮುಗಿದು ಮನಸ್ಸು ತಿಳಿಯಾದ ಮೇಲೂ ಬಿಡಬೇಕು ಅನ್ನಿಸಿದರೆ ಆ ಮಾತಿಗೆ ಬೆಲೆ ಇದೆ.

ದೂರದ ಬೆಟ್ಟ ನುಣ್ಣಗೆ ಅನ್ನುವುದು ಇಲ್ಲಿ ಅಕ್ಷರಶಃ ನಿಜ. ಫಾಲೋಅಪ್ ಮೇಲ್ ಬರೆಯುವುದು, ಬಿಲ್ ಕಳಿಸುವುದು, ಒಪ್ಪದವರನ್ನು ಒಪ್ಪಿಸುವುದು, ಇವೆಲ್ಲ ಸ್ವಂತ ದುಡಿಮೆಯಲ್ಲಿ ಕಡಿಮೆ ಆಗುವುದಿಲ್ಲ, ಹೆಚ್ಚಾಗುತ್ತವೆ. ಮ್ಯಾನೇಜರ್ ಒಬ್ಬರು ಹೋಗಿ ಗ್ರಾಹಕರು ಆರು ಜನ ಬರುತ್ತಾರೆ, ಅಷ್ಟೇ.

ಹಂತ 2: ಯಾರಿಗೆ, ಏನು ಮಾರುತ್ತೀರಿ?

ಒಂದೇ ವಾಕ್ಯದಲ್ಲಿ ಬರೆಯಿರಿ. "ನಾನು ಮಾರ್ಕೆಟಿಂಗ್ ಮಾಡುತ್ತೇನೆ" ಅನ್ನುವುದು ವಾಕ್ಯ ಹೌದು, ಸರಕು ಅಲ್ಲ. "ಸಣ್ಣ ಕ್ಲಿನಿಕ್‌ಗಳಿಗೆ ರೋಗಿಗಳ ಅಪಾಯಿಂಟ್‌ಮೆಂಟ್ ತಪ್ಪದಂತೆ ನೆನಪಿಸುವ ವ್ಯವಸ್ಥೆ ಮಾಡಿಕೊಡುತ್ತೇನೆ" ಅನ್ನುವುದು ಸರಕು. ಕೇಳಿದವರಿಗೆ ತಮಗೆ ಇದು ಬೇಕೋ ಬೇಡವೋ ತಕ್ಷಣ ಗೊತ್ತಾಗಬೇಕು.

ವಾಕ್ಯ ಸಿಕ್ಕಮೇಲೆ ಅಂಥ ಹತ್ತು ಜನರ ಜೊತೆ ಮಾತಾಡಿ. "ಇದನ್ನು ಶುರು ಮಾಡಿದರೆ ಹೇಗೆ?" ಅಂತ ಮಾತ್ರ ಕೇಳಬೇಡಿ. ಎಲ್ಲರೂ "ಸೂಪರ್" ಅನ್ನುತ್ತಾರೆ, ಅದಕ್ಕೇನು ಖರ್ಚಿಲ್ಲ ನೋಡಿ. ಬದಲಿಗೆ ಹಿಂದೆ ನಡೆದದ್ದನ್ನು ಕೇಳಿ. ಈ ತೊಂದರೆ ಕಳೆದ ಬಾರಿ ಯಾವಾಗ ಬಂತು? ಆಗ ಏನು ಮಾಡಿದಿರಿ? ಅದಕ್ಕೆ ಎಷ್ಟು ಖರ್ಚಾಯಿತು? ಇದುವರೆಗೆ ಒಂದು ಪೈಸೆಯನ್ನೂ ಒಂದು ಗಂಟೆಯನ್ನೂ ಆ ತೊಂದರೆಗೆ ಖರ್ಚು ಮಾಡದವರು ನಾಳೆ ನಿಮಗೆ ದುಡ್ಡು ಕೊಡುವುದು ಅನುಮಾನ.

"ನನಗೆ ನಲವತ್ತು ದಾಟಿತು, ತಡ ಆಯಿತಾ?" ಅಂತ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಕಂಪನಿಗಳ ಮೇಲೆ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅತಿ ವೇಗವಾಗಿ ಬೆಳೆದ ಸಾವಿರಕ್ಕೊಂದು ಕಂಪನಿಯ ಸ್ಥಾಪಕರಿಗೆ ಶುರು ಮಾಡುವಾಗ ಸರಾಸರಿ 45 ವರ್ಷ. ನಿಮ್ಮ ಗುರಿ ಅಷ್ಟು ದೊಡ್ಡದಿಲ್ಲದಿರಬಹುದು. ಆದರೆ ವರ್ಷಗಳ ಪರಿಚಯ, ಆ ಕ್ಷೇತ್ರದ ಒಳಹೊರಗು ಗೊತ್ತಿರುವುದು, ಇವಕ್ಕೆ ಬೆಲೆ ಇದೆ.

ಹಂತ 3: ಎರಡು ಲೆಕ್ಕ

ಈ ಹಂತವನ್ನು ಹಾರಿಸಿ ಮುಂದೆ ಹೋಗುವವರೇ ಜಾಸ್ತಿ. ದಯವಿಟ್ಟು ಹಾರಿಸಬೇಡಿ. ಎರಡು ಲೆಕ್ಕಕ್ಕೆ ಒಂದು ರಜಾದಿನದ ಮಧ್ಯಾಹ್ನ ಸಾಕು.

ಮೊದಲನೆಯದು ರನ್‌ವೇ. ವಿಮಾನ ಮೇಲೇಳುವ ಮುಂಚೆ ಓಡುವ ಹಾದಿ ಅಂತ ಅರ್ಥ. ನಮ್ಮ ಲೆಕ್ಕದಲ್ಲಿ, ಹೊಸ ಆದಾಯ ಏನೂ ಬರದಿದ್ದರೂ ಇರುವ ದುಡ್ಡಿನಲ್ಲಿ ಎಷ್ಟು ತಿಂಗಳು ಮನೆ ನಡೆಯುತ್ತದೆ ಅನ್ನುವುದು. ತಿಂಗಳ ಖರ್ಚನ್ನು ನೆನಪಿನಿಂದ ಹೇಳಬೇಡಿ. ಹಿಂದಿನ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಕೂಡಿಸಿ, 12ರಿಂದ ಭಾಗಿಸಿ. ವರ್ಷಕ್ಕೊಮ್ಮೆ ಬರುವ ವಿಮೆ ಕಂತು, ಶಾಲೆ ಫೀಸು, ಗಾಡಿ ರಿಪೇರಿ ಎಲ್ಲ ಅದರಲ್ಲಿ ಸಿಕ್ಕಿಬೀಳುತ್ತವೆ. ಅದರ ಮೇಲೆ ಈಗ ಕಂಪನಿ ಕಟ್ಟುತ್ತಿರುವ, ನಾಳೆ ನೀವೇ ಕಟ್ಟಬೇಕಾದ ಖರ್ಚು ಸೇರಿಸಿ. ಆರೋಗ್ಯ ವಿಮೆ, ನಿವೃತ್ತಿ ಹಣದ ಪಾಲು, ಲ್ಯಾಪ್‌ಟಾಪ್, ಸಾಫ್ಟ್‌ವೇರ್, ಫೋನು.

ಒಂದು ಉದಾಹರಣೆ. ಈಗಿನ ಸಂಬಳ ತಿಂಗಳಿಗೆ 100 ಅಂತ ಇಟ್ಟುಕೊಳ್ಳೋಣ, ಯಾವ ದೇಶದ ದುಡ್ಡಾದರೂ ಸರಿ. ಮನೆ ಖರ್ಚು 60, ಹೊಸದಾಗಿ ಮೈಮೇಲೆ ಬರುವುದು 10. ಒಟ್ಟು 70. ಉಳಿತಾಯ 840 ಇದ್ದರೆ 12 ತಿಂಗಳು ಅನ್ನಿಸುತ್ತದೆ, ಅಲ್ವಾ? ಅಲ್ಲ. ಆಸ್ಪತ್ರೆಯಂಥ ತುರ್ತಿಗೆ ಅಂತ ಮೂರು ತಿಂಗಳ ಖರ್ಚು, ಅಂದರೆ 210, ಮೊದಲೇ ಪಕ್ಕಕ್ಕಿಡಿ. ಉಳಿದದ್ದು 630, ಅಂದರೆ 9 ತಿಂಗಳು. ಇನ್ನು, ಕೆಲಸ ಸಿಗಲು ಒಂದೆರಡು ತಿಂಗಳು, ಮುಗಿಸಲು ಒಂದು ತಿಂಗಳು, ಬಿಲ್ ಪಾಸಾಗಿ ದುಡ್ಡು ಬರಲು ಇನ್ನೊಂದು ತಿಂಗಳು ಅಂದರೂ, ಮೊದಲ ಆದಾಯ ಕೈಸೇರುವಾಗ ನಾಲ್ಕು ತಿಂಗಳು ಕರಗಿರುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ಲೆಕ್ಕಕ್ಕೆ ತೆಗೆದುಕೊಳ್ಳಬಾರದ ದುಡ್ಡೂ ಇದೆ. ನಿವೃತ್ತಿ ನಿಧಿ, ಇನ್ನೂ ಕೈಗೆ ಬಾರದ ಬೋನಸ್, ಮಾರಲಾಗದ ಷೇರು, "ಬೇಕಾದರೆ ಕೊಡ್ತೀನಿ" ಅಂದ ನೆಂಟರ ಮಾತು.

ಎರಡನೆಯ ಲೆಕ್ಕ ದಿನದ ದರ. ಇಲ್ಲಿ ಆಗುವ ತಪ್ಪು ನನಗೆ ಬಾಯಿಪಾಠ. ಸಂಬಳವನ್ನು 30ರಿಂದಲೋ 22ರಿಂದಲೋ ಭಾಗಿಸಿ, ಅದೇ ನನ್ನ ದರ ಅಂದುಬಿಡುವುದು. ಹಾಗೆ ಮಾಡಿದರೆ ಮೊದಲ ದಿನದಿಂದಲೇ ನಷ್ಟ.

ಸರಿಯಾದ ಲೆಕ್ಕ ಹೀಗಿದೆ. ವರ್ಷಕ್ಕೆ 365 ದಿನ. ಶನಿವಾರ ಭಾನುವಾರ ಸೇರಿ 104 ಕಳೆದರೆ 261. ಸಾರ್ವಜನಿಕ ರಜೆ 12, ನಿಮ್ಮ ರಜೆ 15, ಜ್ವರ ಗಿರ ಅಂತ 6. ಉಳಿದದ್ದು 228. ಈ 228 ದಿನಕ್ಕೂ ಯಾರೂ ದುಡ್ಡು ಕೊಡುವುದಿಲ್ಲ. ಗ್ರಾಹಕರನ್ನು ಹುಡುಕಬೇಕು, ಕೊಟೇಶನ್ ಬರೆಯಬೇಕು, ಲೆಕ್ಕ ಇಡಬೇಕು, ಬಾಕಿ ಕೇಳಬೇಕು. ಶುರುವಿನಲ್ಲಿ ಬಿಲ್ ಮಾಡಬಹುದಾದದ್ದು 60 ಶೇಕಡಾ ಅಂತ ಹಿಡಿಯಿರಿ. ಅಂದರೆ ಸುಮಾರು 137 ದಿನ. ಈಗ ಬೇಕಾದ ಹಣ: ವರ್ಷದ ಸಂಬಳ 1200, ಕಂಪನಿ ಕೊಡುತ್ತಿದ್ದ ಸವಲತ್ತುಗಳ ಬೆಲೆ 200, ದುಡಿಮೆಯ ಖರ್ಚು 150. ಒಟ್ಟು 1550. ಇದನ್ನು 137ರಿಂದ ಭಾಗಿಸಿದರೆ ದಿನಕ್ಕೆ 11.3. ನೌಕರಿಯಲ್ಲಿ ನಿಮ್ಮ ಒಂದು ದಿನದ ಸಂಬಳ 1200 ಭಾಗಿಸು 228, ಅಂದರೆ 5.3 ಮಾತ್ರ. ಅಲ್ಲಿಗೆ, ಈಗಿನಷ್ಟೇ ಬದುಕು ನಡೆಸಲು ದಿನದ ದರ ಎರಡು ಪಟ್ಟಿಗಿಂತ ಜಾಸ್ತಿ ಇರಬೇಕು. ಇದು ದುರಾಸೆ ಅಲ್ಲ, ಬರೀ ಭಾಗಾಕಾರ. ಆ ದರ ಹೇಳಲು ಬಾಯಿ ಬರುವುದಿಲ್ಲ ಅಂದರೆ ಕನ್ನಡಿ ಮುಂದೆ ನಿಂತು ಹೇಳಿ ಅಭ್ಯಾಸ ಮಾಡಿ. ತಮಾಷೆ ಅಲ್ಲ, ನಾನು ಮಾಡಿದ್ದೇನೆ.

ಹಂತ 4: ನೇಮಕಾತಿ ಕರಾರನ್ನು ಪೂರ್ತಿ ಓದಿ

ಸೇರುವಾಗ ಸಹಿ ಹಾಕಿದ ಕಾಗದವನ್ನು ಹುಡುಕಿ ತೆಗೆಯಿರಿ. ಐದು ವಿಷಯ ನೋಡಬೇಕು.

ಹೊರಗಿನ ಕೆಲಸ: ನೌಕರಿಯಲ್ಲಿದ್ದಾಗ ಬೇರೆ ಕಡೆ ದುಡಿಯಬಹುದೇ, ಅನುಮತಿ ಬೇಕೇ.

ಬೌದ್ಧಿಕ ಆಸ್ತಿ: ಇದು ಎಲ್ಲಕ್ಕಿಂತ ಅಪಾಯದ್ದು. ನೀವು ಬರೆದ ಕೋಡು, ಚಿತ್ರ, ವಿನ್ಯಾಸದ ಒಡೆತನ ಯಾರದ್ದು ಅನ್ನುವ ಷರತ್ತು. ಕೆಲವು ಕರಾರುಗಳಲ್ಲಿ ಮನೆಯಲ್ಲಿ ಕೂತು ಮಾಡಿದ್ದೂ ಕಂಪನಿಗೇ ಸೇರುತ್ತದೆ. ಸ್ಟೀವ್ ವಾಜ್ನಿಯಾಕ್ ಆಪಲ್‌ನ ಮೊದಲ ಕಂಪ್ಯೂಟರನ್ನು ರೂಪಿಸಿದಾಗ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ನೌಕರಿಯಲ್ಲಿದ್ದರು. ಮೊದಲು ಅದನ್ನು ತಮ್ಮ ಕಂಪನಿಗೇ ತೋರಿಸಿದರು. ಅವರು ಬೇಡ ಅಂದ ಮೇಲೆಯೇ ದಾರಿ ತೆರವಾದದ್ದು. ನಿಮ್ಮ ಕರಾರಿನಲ್ಲೂ ಇಂಥ ಷರತ್ತು ಇದ್ದರೆ ಲಿಖಿತ ಒಪ್ಪಿಗೆ ಪಡೆಯಿರಿ, ಇಲ್ಲವೇ ಬಿಡುವವರೆಗೆ ಅದನ್ನು ಶುರು ಮಾಡಬೇಡಿ. ಇನ್ನು ಕಂಪನಿಯ ಲ್ಯಾಪ್‌ಟಾಪ್, ಮೇಲ್, ಡ್ರೈವ್ ಯಾವುದನ್ನೂ ಸ್ವಂತ ಕೆಲಸಕ್ಕೆ ಮುಟ್ಟಬೇಡಿ. "ಒಂದೇ ಒಂದು ಫೈಲ್" ಕೂಡ ಬೇಡ.

ಪೈಪೋಟಿ ನಿಷೇಧ: ಬಿಟ್ಟ ಮೇಲೆ ಇಷ್ಟು ಕಾಲ ಅದೇ ವ್ಯವಹಾರ ಮಾಡಬಾರದು ಅನ್ನುವ ಷರತ್ತು. ಇದು ನಿಲ್ಲುತ್ತದೋ ಇಲ್ಲವೋ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಷರತ್ತು ಸಾಮಾನ್ಯವಾಗಿ ಅಸಿಂಧು. ಭಾರತದಲ್ಲಿ 1872ರ ಕರಾರು ಕಾಯ್ದೆಯ 27ನೇ ಕಲಂ ವೃತ್ತಿಗೆ ಅಡ್ಡ ಬರುವ ಒಪ್ಪಂದವನ್ನು ಅಸಿಂಧು ಅನ್ನುತ್ತದೆ. ಬೇರೆ ಎಷ್ಟೋ ಕಡೆ ಮಿತಿಯೊಳಗಿದ್ದರೆ ನಡೆಯುತ್ತದೆ.

ಗ್ರಾಹಕರ ಷರತ್ತು: ಹಳೆಯ ಕಂಪನಿಯ ಗ್ರಾಹಕರನ್ನೋ ಸಿಬ್ಬಂದಿಯನ್ನೋ ನಿಮ್ಮ ಕಡೆ ಸೆಳೆಯಬಾರದು ಅನ್ನುವುದು. ಪೈಪೋಟಿ ನಿಷೇಧ ಬಿದ್ದುಹೋದ ಕಡೆಯೂ ಇದು ಮತ್ತು ಗುಟ್ಟು ಕಾಪಾಡುವ ಷರತ್ತು ಉಳಿಯಬಹುದು. "ಹಳೇ ಗ್ರಾಹಕರೇ ಬರ್ತಾರೆ ಬಿಡಿ" ಅಂತ ಯೋಜನೆ ಹಾಕಿದ್ದರೆ ಇಲ್ಲಿ ಒಂದು ಕ್ಷಣ ನಿಲ್ಲಿ.

ವಾಪಸ್ ಕೊಡಬೇಕಾದ ಹಣ: ಸೇರುವಾಗ ಕೊಟ್ಟ ಬೋನಸ್, ತರಬೇತಿ ಬಾಂಡ್. ಜೊತೆಗೆ ನೋಟಿಸ್ ಅವಧಿ ಮತ್ತು ಕಂಪನಿ ಕೊಡುತ್ತೇನೆ ಅಂದ ಷೇರುಗಳು ನಿಮ್ಮದಾಗುವ ತಾರೀಖು.

ಗೊಂದಲ ಇದ್ದರೆ ಕಾರ್ಮಿಕ ಕಾನೂನು ಗೊತ್ತಿರುವ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಓದಿಸಿ. ಈ ಇಡೀ ಪ್ರಯಾಣದಲ್ಲಿ ಇಷ್ಟು ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಹಂತ 5: ನೌಕರಿಯಲ್ಲಿದ್ದುಕೊಂಡೇ ಮೂರು ಬಿಲ್

ಎರಡು ದೋಣಿಯಲ್ಲಿ ಕಾಲಿಡಬಾರದು ಅನ್ನುತ್ತಾರೆ. ಈ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಅಮೆರಿಕದ ಇಬ್ಬರು ಸಂಶೋಧಕರು, ಜೋಸೆಫ್ ರಾಫಿ ಮತ್ತು ಜೀ ಫೆಂಗ್, 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ನೌಕರಿಯಲ್ಲಿದ್ದುಕೊಂಡೇ ಸ್ವಂತದ್ದು ಶುರು ಮಾಡಿ ಆಮೇಲೆ ಪೂರ್ತಿ ಅದಕ್ಕೇ ಇಳಿದವರು ಮುಚ್ಚಿಕೊಂಡು ಹೋಗುವ ಸಾಧ್ಯತೆ, ಒಂದೇ ಸಲಕ್ಕೆ ಧುಮುಕಿದವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ನೈಕಿ ಕಟ್ಟಿದ ಫಿಲ್ ನೈಟ್ ಕೂಡ 1964ರಲ್ಲಿ ಶೂ ಮಾರಲು ಶುರು ಮಾಡಿ, ಅದರ ಜೊತೆಗೇ ಅಕೌಂಟೆಂಟ್ ಕೆಲಸ, ಆಮೇಲೆ ಕಾಲೇಜಿನಲ್ಲಿ ಪಾಠ ಮಾಡುತ್ತ 1969ರವರೆಗೆ ತಳ್ಳಿದರು.

ಗುರಿ ಸರಳ. ಕರಾರಿನಲ್ಲಿ ಅವಕಾಶ ಇದ್ದರೆ, ವಾರಕ್ಕೆ 6ರಿಂದ 8 ಗಂಟೆ ತೆಗೆದಿಟ್ಟು, ಮೂರು ಬೇರೆ ಬೇರೆ ಗ್ರಾಹಕರಿಂದ ಮೂರು ಬಿಲ್‌ನ ದುಡ್ಡು ಪಡೆಯಿರಿ. ಮೂವರಲ್ಲಿ ಒಬ್ಬರಾದರೂ ಮುಂಚೆ ಪರಿಚಯ ಇಲ್ಲದವರಾಗಿರಬೇಕು. ಸ್ನೇಹಿತರು ಪ್ರೀತಿಗೂ ಕೆಲಸ ಕೊಡುತ್ತಾರೆ. ಅಪರಿಚಿತರು ಕೊಟ್ಟರೆ ಅದು ನಿಮ್ಮ ಕೆಲಸಕ್ಕೆ ಸಿಕ್ಕ ಬೆಲೆ. ಬಿಟ್ಟಿ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ.

ಕರಾರಿನಲ್ಲಿ ಅವಕಾಶ ಇಲ್ಲದಿದ್ದರೆ ಕದ್ದು ಮಾಡಬೇಡಿ. ಲಿಖಿತ ಅನುಮತಿ ಕೇಳಿ, ಅಥವಾ ಅರೆಕಾಲಿಕ ಕೆಲಸವೋ ಸಂಬಳವಿಲ್ಲದ ರಜೆಯೋ ಸಿಗುತ್ತದಾ ನೋಡಿ. ಅದೂ ಆಗದಿದ್ದರೆ ಮಾತುಕತೆ, ಕಲಿಕೆ, ಉಳಿತಾಯ ಇಷ್ಟೇ ಮಾಡಿ, ಬದಲಿಗೆ ರನ್‌ವೇಯನ್ನು ಇನ್ನೂ ಮೂರ್ನಾಲ್ಕು ತಿಂಗಳು ಉದ್ದ ಮಾಡಿಕೊಳ್ಳಿ.

ಹಂತ 6: ದುಡ್ಡು ಬರುವ ದಾರಿ ಮೊದಲೇ ಕಟ್ಟಿ

ಕೆಲಸ ಮಾಡುವುದು ಒಂದು ವಿದ್ಯೆ, ದುಡ್ಡು ವಸೂಲು ಮಾಡುವುದು ಇನ್ನೊಂದು. ನೌಕರಿಯಲ್ಲಿದ್ದಾಗ ಎರಡನೆಯದು ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಯಾವ ಕೆಲಸವೂ ಒಂದು ಪುಟದ ಒಪ್ಪಂದ ಇಲ್ಲದೆ ಶುರು ಆಗಬಾರದು. ಏನು ಮಾಡಿಕೊಡುತ್ತೇನೆ, ಏನು ಮಾಡುವುದಿಲ್ಲ, ಎಷ್ಟು ಸಲ ತಿದ್ದಿಕೊಡುತ್ತೇನೆ, ಯಾವಾಗ, ಎಷ್ಟು ದುಡ್ಡು, ಬಿಲ್ ಕೊಟ್ಟ ಎಷ್ಟು ದಿನಕ್ಕೆ. "ಏನು ಮಾಡುವುದಿಲ್ಲ" ಅನ್ನುವ ಸಾಲು ಬಿಟ್ಟರೆ "ಇದೊಂದು ಚಿಕ್ಕದು ಸೇರಿಸಿಬಿಡಿ" ಅನ್ನುವುದು ನಿಲ್ಲುವುದೇ ಇಲ್ಲ. ಮುಂಗಡ ತೆಗೆದುಕೊಳ್ಳಿ, ಮೂರನೇ ಒಂದೋ ಅರ್ಧವೋ. ನನ್ನ ಮೊದಲ ವರ್ಷ ಒಂದು ಕಂಪನಿಗೆ ಮುಂಗಡವಿಲ್ಲದೆ ಎರಡು ತಿಂಗಳು ಕೆಲಸ ಮಾಡಿದೆ. ನನ್ನ ಜೊತೆ ಮಾತಾಡಿದ್ದವರು ಅಷ್ಟರಲ್ಲಿ ಅಲ್ಲಿಂದ ಬಿಟ್ಟುಹೋದರು. ಅವರ ಜಾಗಕ್ಕೆ ಬಂದವರು ಕೇಳಿದ್ದು, "ಯಾವ ಕೆಲಸ?" ದುಡ್ಡು ಬಂದದ್ದು ಏಳು ತಿಂಗಳ ನಂತರ. ತಪ್ಪು ನನ್ನದೇ, ಕಾಗದ ಇರಲಿಲ್ಲ.

ತಡವಾದ ಪಾವತಿಗೆ ಕೆಲವು ಕಡೆ ಕಾನೂನಿನ ಬೆಂಬಲ ಇದೆ. ಐರೋಪ್ಯ ಒಕ್ಕೂಟದ 2011ರ ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆಗಳು ಸಾಮಾನ್ಯವಾಗಿ 30 ದಿನದೊಳಗೆ ಕೊಡಬೇಕು. ಭಾರತದ 2006ರ ಕಾಯ್ದೆಯಲ್ಲಿ ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ನೀವಿರುವ ಕಡೆ ಏನಿದೆ ತಿಳಿದುಕೊಂಡು ಆ ಸಾಲನ್ನು ಬಿಲ್‌ನ ಕೆಳಗೆ ಹಾಕಿ.

ದುಡಿಮೆಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಬಂದ ಪ್ರತಿ ಪಾವತಿಯಲ್ಲೂ ತೆರಿಗೆಯ ಪಾಲನ್ನು ಅದೇ ದಿನ ಇನ್ನೊಂದು ಖಾತೆಗೆ ಸರಿಸಿ. ಸಂಬಳದಲ್ಲಿ ತೆರಿಗೆ ತಾನಾಗಿ ಕಡಿತವಾಗುತ್ತಿತ್ತು. ಇನ್ನು ಮುಂದೆ ಹಾಗಲ್ಲ. ಹಲವು ದೇಶಗಳಲ್ಲಿ ವರ್ಷದ ಮಧ್ಯದಲ್ಲೇ ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕು, ತಪ್ಪಿದರೆ ಬಡ್ಡಿ. ಎಷ್ಟು ಪಾಲು ಅಂತ ತೆರಿಗೆ ಸಲಹೆಗಾರರನ್ನು ಕೇಳಿ.

ಹಂತ 7: ಮನೆಯವರ ಮುಂದೆ ಕಾಗದ ಇಡಿ

ಕನಸು ಹೇಳಬೇಡಿ, ಹಂತ 3ರ ಲೆಕ್ಕ ತೋರಿಸಿ. ಕೆಟ್ಟ ಸುದ್ದಿಯನ್ನೂ ಹೇಳಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕದಲ್ಲಿ, ಕೆಲಸಗಾರರನ್ನು ಇಟ್ಟುಕೊಂಡು ಶುರುವಾದ ಉದ್ದಿಮೆಗಳಲ್ಲಿ ಸುಮಾರು 5ರಲ್ಲಿ 1 ಮೊದಲ ವರ್ಷದಲ್ಲೇ ಮುಚ್ಚುತ್ತದೆ, 5 ವರ್ಷದೊಳಗೆ ಅರ್ಧದಷ್ಟು ಹೋಗಿರುತ್ತವೆ. ಆಮೇಲೆ ಒಟ್ಟಿಗೆ ಕೂತು ಒಂದು ಗೆರೆ ಎಳೆಯಿರಿ: ಉಳಿತಾಯ ಇಷ್ಟಕ್ಕೆ ಇಳಿದರೆ ಮತ್ತೆ ನೌಕರಿ ಹುಡುಕುವುದು. ಗೆರೆಯನ್ನು ಈಗಲೇ ಎಳೆದರೆ ಆಮೇಲೆ ಜಗಳ ಕಡಿಮೆ.

ಹಂತ 8: ಈಗ ರಾಜೀನಾಮೆ

ಮೂರು ಬಿಲ್‌ನ ದುಡ್ಡು ಬಂದಿದೆ, ರನ್‌ವೇ ಸಾಕಷ್ಟಿದೆ, ಕರಾರು ಓದಿಯಾಗಿದೆ, ಮನೆಯಲ್ಲಿ ಒಪ್ಪಿದ್ದಾರೆ. ಹಾಗಿದ್ದರೆ ತಾರೀಖು ಆರಿಸಿ. ಬೋನಸ್ ಖಾತೆಗೆ ಬಿದ್ದ ಮೇಲೆ, ಷೇರು ನಿಮ್ಮದಾದ ಮೇಲೆ. ಒಂದು ವಾರದ ಆತುರಕ್ಕೆ ಒಂದು ವರ್ಷದ ಬೋನಸ್ ಬಿಟ್ಟವರನ್ನು ನೋಡಿದ್ದೇನೆ.

ಸಂಬಳದ ಚೀಟಿ ಕೈಯಲ್ಲಿರುವಾಗಲೇ ಮುಗಿಸಬೇಕಾದ ಕೆಲಸಗಳಿವೆ. ಸ್ವಂತ ಆರೋಗ್ಯ ವಿಮೆ ಮಾಡಿಸಿ. ಈಗಾಗಲೇ ಇರುವ ಕಾಯಿಲೆಗಳಿಗೆ ಹಲವು ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ, ಅದು ಈಗಿನಿಂದಲೇ ಓಡಲಿ. ಬಾಡಿಗೆ ಮನೆ ಬದಲಾಯಿಸುವುದಿದ್ದರೆ, ಸಾಲದ ಕಂತು ಮರುಹೊಂದಿಸುವುದಿದ್ದರೆ ಈಗ ಮಾಡಿ. ಆದಾಯ ಏರಿಳಿಯುವವರಿಂದ ಬ್ಯಾಂಕುಗಳು ಒಂದೆರಡು ವರ್ಷದ ದಾಖಲೆ ಕೇಳುವುದು ಸಾಮಾನ್ಯ. ಹೊಸ ಸಾಲ ಮಾತ್ರ ಬೇಡ.

ಮೊದಲು ಮ್ಯಾನೇಜರ್‌ಗೆ ಎದುರಿಗೆ ಹೇಳಿ, ಆಮೇಲೆ ಪತ್ರ. ಪತ್ರದಲ್ಲಿ ಮೂರು ಸಾಲು ಸಾಕು. ಕೊನೆಯ ದಿನದ ಸಂದರ್ಶನದಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕುವ ಆಸೆ ಬರುತ್ತದೆ. ತಡೆದುಕೊಳ್ಳಿ. ಹಳೆಯ ಕಂಪನಿಯೇ ಆರು ತಿಂಗಳಿಗೆ ನಿಮ್ಮ ಗ್ರಾಹಕ ಆಗಬಹುದು. ಸಂಬಳದ ಚೀಟಿಗಳು, ಅನುಭವ ಪತ್ರ, ತೆರಿಗೆ ದಾಖಲೆಗಳು ಇವನ್ನು ಲಾಗಿನ್ ಮುಚ್ಚುವ ಮುಂಚೆಯೇ ಪಡೆದಿಟ್ಟುಕೊಳ್ಳಿ.

ಹಂತ 9: ಮೊದಲ 90 ದಿನ

ಕೆಲಸದ ಹೊತ್ತಿನಲ್ಲಿ ಒಂದು ಒಳ್ಳೆಯ ಪಾಲು ಹೊಸ ಕೆಲಸ ತರುವುದಕ್ಕೇ ಹೋಗಲಿ, ಕೈತುಂಬ ಕೆಲಸ ಇರುವಾಗಲೂ. ಇದ್ದ ಕೆಲಸ ಮುಗಿದ ಮೇಲೆ ಹುಡುಕಲು ಹೊರಟರೆ ನಡುವೆ ಎರಡು ತಿಂಗಳು ಖಾಲಿ ಬೀಳುತ್ತದೆ. ವೆಬ್‌ಸೈಟ್ ಒಂದು ಪುಟದ್ದಿದ್ದರೆ ಸಾಕು. ಕುರ್ಚಿ ಮಾತ್ರ ಒಳ್ಳೆಯದು ಕೊಳ್ಳಿ, ಬೆನ್ನು ನಿಮ್ಮದೇ ತಾನೆ.

ಆದಾಯದ 40 ಶೇಕಡಾಕ್ಕಿಂತ ಜಾಸ್ತಿ ಒಬ್ಬರೇ ಗ್ರಾಹಕರಿಂದ ಬರುತ್ತಿದ್ದರೆ ಎಚ್ಚರ. ಅವರು ಕೈಬಿಟ್ಟ ದಿನ ನಿಮಗೆ ಮತ್ತೆ ಕೆಲಸ ಹೋದಂತೆಯೇ, ಈ ಸಲ ನೋಟಿಸ್ ಅವಧಿಯೂ ಇಲ್ಲ. ಕೆಲವು ದೇಶಗಳಲ್ಲಿ ಒಬ್ಬರಿಗೇ, ಅವರು ಹೇಳಿದ ಹೊತ್ತಿಗೇ ದುಡಿಯುತ್ತಿದ್ದರೆ ತೆರಿಗೆಯವರು ನಿಮ್ಮನ್ನು ನೌಕರರೇ ಅಂತ ಎಣಿಸುವ ಸಾಧ್ಯತೆಯೂ ಇದೆ.

ಪ್ರತಿ ಶುಕ್ರವಾರ ಅರ್ಧ ಗಂಟೆ ಕೂತು ನಾಲ್ಕು ಅಂಕಿ ಬರೆಯಿರಿ. ಬ್ಯಾಂಕಿನಲ್ಲಿ ಎಷ್ಟಿದೆ, ಬರಬೇಕಾದ ಬಾಕಿ ಎಷ್ಟು, ಕೈಯಲ್ಲಿರುವ ಕೆಲಸ ಎಷ್ಟು ದಿನದ್ದು, ಈ ವಾರ ಹೊಸದಾಗಿ ಎಷ್ಟು ಜನರ ಜೊತೆ ಮಾತಾಡಿದಿರಿ. ನಾಲ್ಕನೆಯದು ಎರಡು ವಾರ ಸೊನ್ನೆ ಆದರೆ, ಮುಂದೆ ಎರಡನೆಯದೂ ಮೂರನೆಯದೂ ಅದೇ ದಾರಿ ಹಿಡಿಯುತ್ತವೆ.

ಹಂತ 7ರಲ್ಲಿ ಎಳೆದ ಗೆರೆ ನಾಲ್ಕು ತಿಂಗಳ ಖರ್ಚಿನ ಆಸುಪಾಸಿನಲ್ಲಿರಲಿ, ತುರ್ತಿನ ಹಣ ಬಿಟ್ಟು. ನೌಕರಿ ಹುಡುಕಲೂ ಸಮಯ ಬೇಕಲ್ಲ. ಬ್ಯಾಂಕಿನ ಅಂಕಿ ಆ ಗೆರೆ ಮುಟ್ಟಿದ ಶುಕ್ರವಾರವೇ ಬಯೋಡೇಟಾ ತೆಗೆದು ಹೊಸದಾಗಿ ಬರೆಯಲು ಕೂರಿ. ಈಗಿನ ಗ್ರಾಹಕರ ಕೆಲಸ ನಿಲ್ಲಿಸಬೇಕಿಲ್ಲ. ಈ ತಿಂಗಳುಗಳಲ್ಲಿ ಮಾಡಿದ ಕೆಲಸಗಳನ್ನು ಬಯೋಡೇಟಾದ ಮೊದಲ ಪುಟದಲ್ಲೇ ಹಾಕಿ.